ಹೊಸ್ತಿಲಿನಿಂದ ಹೊರಟ ಭೂಗೋಳ

ನಕಾಶೆ ಎಂಬ ಪದ ಕನ್ನಡಕ್ಕೆ ಬಂದದ್ದು ಅರಬಿ, ಫಾರಸಿಗಳ ದಾರಿಯಿಂದ. 'ನಕ್ಶ್' ಎಂದರೆ ಕೆತ್ತಿದ್ದು, ಬರೆದದ್ದು. ಹಿತ್ತಾಳೆ ಪಾತ್ರೆಯ ಮೇಲೆ ಹೂಬಳ್ಳಿ ಕೆತ್ತುವ ಕೆಲಸಕ್ಕೆ ಉರ್ದುವಿನಲ್ಲಿ ನಕ್ಕಾಶಿ ಎನ್ನುತ್ತೇವೆ. ಊರು, ಹೊಳೆ, ಗುಡ್ಡಗಳನ್ನು ಕಾಗದದ ಮೇಲೆ ಇಳಿಸಿದರೆ ಅದು ನಕ್ಶಾ. ಕನ್ನಡದ ನಾಲಗೆಯಲ್ಲಿ ಅದು ನಕಾಶೆಯಾಯಿತು, ನಕ್ಷೆಯಾಯಿತು. ಪದವೇನೋ ನಮ್ಮದಾಯಿತು. ಆದರೆ ಆ ವಸ್ತು ನಮ್ಮ ಮಕ್ಕಳ ಕೈಗೆ ನಿಜವಾಗಿ ಬಂದಿದೆಯೇ?

ಹತ್ತು ವರ್ಷದ ಮಗುವೊಂದು ಇಪ್ಪತ್ತು ದೇಶಗಳ ರಾಜಧಾನಿಗಳನ್ನು ಒಂದೇ ಉಸಿರಿಗೆ ಹೇಳುವುದನ್ನು ನೀವೂ ಕೇಳಿರುತ್ತೀರಿ. ಅದೇ ಮಗುವನ್ನು ನಿಲ್ಲಿಸಿ, ನಿನ್ನ ಶಾಲೆ ಮನೆಯಿಂದ ಯಾವ ದಿಕ್ಕಿಗಿದೆ, ನಿಮ್ಮ ಊರಿನ ಮಳೆ ನೀರು ಕೊನೆಗೆ ಯಾವ ಸಮುದ್ರ ಸೇರುತ್ತದೆ ಎಂದು ಕೇಳಿ ನೋಡಿ. ಅದು ನಮ್ಮ ಮುಖವನ್ನೇ ನೋಡುತ್ತದೆ. 2020ರಲ್ಲಿ ಕೊರೋನಾದಿಂದಾಗಿ ಶಾಲೆಗಳು ಬಾಗಿಲು ಮುಚ್ಚಿದಾಗ ಪ್ರತಿ ಮನೆಯೂ ಪಾಠಶಾಲೆಯಾಗಬೇಕಾಯಿತು. ಅಕ್ಷರ, ಮಗ್ಗಿಗಳನ್ನು ಹೇಗೋ ಹೇಳಿಕೊಟ್ಟ ತಾಯಂದಿರು, ಮನೆಯಲ್ಲಿ ಗೋಳವೂ ಇಲ್ಲ, ಗೋಡೆಯ ಮೇಲೆ ನಕಾಶೆಯೂ ಇಲ್ಲ, ಭೂಗೋಳ ಹೇಗೆ ಕಲಿಸುವುದು ಎಂದು ಕೇಳುತ್ತಿದ್ದರು. ಪ್ರಶ್ನೆ ಸಹಜವೇ. ಆದರೆ ಚರಿತ್ರೆಯನ್ನು ತಿರುವಿ ನೋಡಿದರೆ ತಿಳಿಯುತ್ತದೆ: ಮಕ್ಕಳಿಗೆ ನಕಾಶೆ ಕಲಿಸುವ ಒಳ್ಳೆಯ ಉಪಾಯಗಳಲ್ಲಿ ಹಲವು ಹುಟ್ಟಿದ್ದು ತರಗತಿಗಳಲ್ಲಲ್ಲ, ಮನೆಗಳಲ್ಲಿ. ಅವುಗಳನ್ನು ಕಂಡುಹಿಡಿದವರಲ್ಲಿ ಹೆಂಗಸರೂ ಬಹಳ ಮಂದಿ ಇದ್ದರು.

ತುಂಡು ಮಾಡಿದ ಯುರೋಪು

ಹದಿನೆಂಟನೆಯ ಶತಮಾನದ ಲಂಡನ್ನಿಗೆ ಹೋಗೋಣ. ಉಳ್ಳವರು ತಮ್ಮ ಹೆಣ್ಣುಮಕ್ಕಳನ್ನು, ಚಿಕ್ಕ ಗಂಡುಮಕ್ಕಳನ್ನು ಮನೆಯಲ್ಲೇ ಇರಿಸಿ ಓದಿಸುತ್ತಿದ್ದ ಕಾಲ. ಅದಕ್ಕಾಗಿ ಮನೆಯಲ್ಲೇ ಇದ್ದು ಪಾಠ ಹೇಳುವ ಶಿಕ್ಷಕಿಯರನ್ನು ನೇಮಿಸಿಕೊಳ್ಳುತ್ತಿದ್ದರು. ಅಂಥವರಲ್ಲಿ ಒಬ್ಬಳು ಫ್ರಾನ್ಸಿನಿಂದ ಬಂದ ಜೀನ್ ಮಾರಿ ಲೆಪ್ರಿನ್ಸ್ ದ ಬೋಮೋಂ. ಸುಂದರಿ ಮತ್ತು ಮೃಗದ ಕಥೆ ಇಂದು ಜಗತ್ತಿನ ಮಕ್ಕಳಿಗೆಲ್ಲ ಗೊತ್ತಿರುವ ರೂಪದಲ್ಲಿ ಬಂದದ್ದು 1756ರಲ್ಲಿ ಇವಳು ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಿಂದ. ಕಥೆ ಉಳಿಯಿತು, ಆ ಪುಸ್ತಕ ಮಾತ್ರ ಮರೆತುಹೋಯಿತು. ಅದರಲ್ಲಿ ಒಬ್ಬ ಜಾಣ ಶಿಕ್ಷಕಿಗೂ ಅವಳ ಶಿಷ್ಯೆಯರಿಗೂ ನಡೆಯುವ ಮಾತುಕತೆಗಳಿವೆ. ಕಥೆಯ ನಡುವೆ ಧರ್ಮಗ್ರಂಥ, ಚರಿತ್ರೆ, ಭೂಗೋಳ ಎಲ್ಲವೂ ಬರುತ್ತದೆ. ಪಾಠ ಹೇಳುವಾಗ ಆಕೆ ಮರದ ಹಲಗೆಯ ನಕಾಶೆಗಳನ್ನು ಬಳಸುತ್ತಿದ್ದಳು ಎಂಬುದನ್ನು ಇತ್ತೀಚಿನ ಸಂಶೋಧಕರು ಗುರುತಿಸಿದ್ದಾರೆ.

ಇದನ್ನು ವ್ಯಾಪಾರವಾಗಿ ಮಾಡಿದವನು ಜಾನ್ ಸ್ಪಿಲ್ಸ್‌ಬರಿ ಎಂಬ ಲಂಡನ್ನಿನ ಕೆತ್ತನೆಗಾರ. ದೊರೆಯ ಭೂಗೋಳಜ್ಞನೆಂಬ ಬಿರುದಿದ್ದ ಥಾಮಸ್ ಜೆಫ್ರಿಸ್‌ನ ಬಳಿ ಕೆಲಸ ಕಲಿತವನು. 1760ರ ದಶಕದಲ್ಲಿ ಅವನು ಅಚ್ಚಾದ ನಕಾಶೆಯನ್ನು ತೆಳುವಾದ ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಗೆ ಸರಿಯಾಗಿ ಸಣ್ಣ ಗರಗಸದಿಂದ ಕೊಯ್ದು, ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿದ. ಜಗತ್ತು, ನಾಲ್ಕು ಖಂಡಗಳು, ಇಂಗ್ಲೆಂಡ್ ಮತ್ತು ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್ ಹೀಗೆ ಎಂಟು ವಿಷಯಗಳು. ಸಮುದ್ರದ ತುಂಡುಗಳನ್ನು ಬಿಟ್ಟು ಬರೀ ನೆಲದ ತುಂಡುಗಳನ್ನು ಕೊಳ್ಳುವವರಿಗೆ ಬೆಲೆ ಕಡಿಮೆ! ಇಂದು ಅಂಗಡಿಗಳಲ್ಲಿ ಸಿಗುವ ಜಿಗ್‌ಸಾ ಪಜಲ್‌ಗಳ ವಂಶಾವಳಿಯನ್ನು ಹುಡುಕುತ್ತ ಹೋದರೆ ಈ ತುಂಡು ನಕಾಶೆಗಳೇ ಸಿಗುತ್ತವೆ. ಸ್ಪಿಲ್ಸ್‌ಬರಿ 1769ರಲ್ಲಿ, ಮೂವತ್ತರ ಹರೆಯದಲ್ಲೇ ತೀರಿಕೊಂಡ. ಆದರೆ ಅವನ ಆಟ ನಿಲ್ಲಲಿಲ್ಲ. ಮೂರನೆಯ ಜಾರ್ಜ್ ದೊರೆಯ ಮಕ್ಕಳ ಪಾಲನೆಗೆ 1762ರಲ್ಲಿ ನೇಮಕಗೊಂಡ ಲೇಡಿ ಶಾರ್ಲಟ್ ಫಿಂಚ್ ಇಂಥ ನಕಾಶೆಗಳನ್ನು ಮಹಾಗನಿ ಮರದ ಪುಟ್ಟ ಕಪಾಟಿನಲ್ಲಿ ಜೋಪಾನ ಮಾಡಿದ್ದಳು. ಆ ಕಪಾಟು ಈಗಲೂ ಇದೆ.

ಕೈಯಿಂದ ಹಿಡಿದು, ತಿರುಗಿಸಿ, ಪಕ್ಕದ ತುಂಡಿಗೆ ಹೊಂದಿಸುವಾಗ ಮಗುವಿಗೆ ಬಾಯಿಪಾಠಕ್ಕಿಂತ ಹೆಚ್ಚಿನದು ದಕ್ಕುತ್ತದೆ. ಯಾವ ದೇಶ ಯಾವುದಕ್ಕೆ ನೆರೆ, ಯಾವುದಕ್ಕೆ ಕಡಲಿದೆ, ಯಾವುದಕ್ಕಿಲ್ಲ ಎಂಬುದು ಬೆರಳಿಗೇ ತಿಳಿಯುತ್ತದೆ. ಆದರೆ ಈ ಆಟಕ್ಕೆ ಇನ್ನೊಂದು ಮುಖವೂ ಇದೆ. ಈ ಆಟಿಕೆ ತಲುಪಿದ್ದು ಜಗತ್ತನ್ನು ಆಳಲು ಹೊರಟಿದ್ದವರ ಮಕ್ಕಳನ್ನು. ಖಂಡಗಳನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಬಹುದು, ಬೇಕಾದಾಗ ತೆಗೆಯಬಹುದು ಎಂಬ ಭಾವನೆ ಆ ಮಕ್ಕಳಲ್ಲಿ ಎಳವೆಯಲ್ಲೇ ಬೆಳೆದಿದ್ದರೆ ಆಶ್ಚರ್ಯವಿಲ್ಲ. ಗಡಿ ಎಂಬುದು ಮರದ ಅಂಚಿನಷ್ಟೇ ಗಟ್ಟಿ ಎಂದೂ ಈ ಆಟ ಹೇಳುತ್ತಿತ್ತು. ಅದು ನಿಜವಲ್ಲ. ಸ್ಪಿಲ್ಸ್‌ಬರಿ ಗರಗಸ ಹಿಡಿದ ಕಾಲದ ಯುರೋಪಿನಲ್ಲಿ ಪೋಲೆಂಡ್ ಒಂದು ದೊಡ್ಡ ದೇಶ. 1772, 1793, 1795 ಹೀಗೆ ಮೂರು ಸಲ ನೆರೆಯ ದೊರೆಗಳು ಅದನ್ನು ಹರಿದು ಹಂಚಿಕೊಂಡರು. ಬಾಲ್ಯದಲ್ಲಿ ಪೋಲೆಂಡಿನ ತುಂಡನ್ನು ಜೋಡಿಸಿದ ಮಗು ದೊಡ್ಡದಾಗುವ ಹೊತ್ತಿಗೆ ಆ ದೇಶವೇ ನಕಾಶೆಯಲ್ಲಿರಲಿಲ್ಲ.

ಗಡಿಗಳ ಈ ಆಟ ನಮಗೂ ಹೊಸದಲ್ಲ. 1947ರ ಆಗಸ್ಟ್‌ನಲ್ಲಿ ಎಳೆದ ಒಂದು ಗೆರೆ ಎಷ್ಟು ಮನೆಗಳ ಮೇಲೆ ಹಾಯ್ದು ಹೋಯಿತೆಂದು ಹೇಳಬೇಕಾಗಿಲ್ಲ. ನಾವು ಇಂದು ಕರ್ನಾಟಕ ಎನ್ನುವ ಆಕಾರವೂ 1956ರ ನವೆಂಬರ್ 1ರಂದು ಜೋಡಿಸಿದ್ದು. ಮೈಸೂರು, ಕೊಡಗು, ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ, ಹೈದರಾಬಾದಿನ ಬೀದರ್, ಗುಲ್ಬರ್ಗ, ರಾಯಚೂರು, ಮದರಾಸಿನ ದಕ್ಷಿಣ ಕನ್ನಡ ಎಲ್ಲವೂ ಬೇರೆ ಬೇರೆ ಪೆಟ್ಟಿಗೆಯ ತುಂಡುಗಳಾಗಿದ್ದವು. ಮಗುವಿಗೆ ರಾಜ್ಯದ ನಕಾಶೆ ಕೊಡುವಾಗ ಈ ಮಾತನ್ನೂ ಜೊತೆಗೆ ಕೊಡಬೇಕು. ಗಡಿಯನ್ನು ಮನುಷ್ಯರು ಎಳೆಯುತ್ತಾರೆ, ಮನುಷ್ಯರೇ ಅಳಿಸುತ್ತಾರೆ, ಹೊಳೆ ಮಾತ್ರ ತನ್ನ ಪಾಡಿಗೆ ಹರಿಯುತ್ತದೆ ಎಂಬುದು ತಿಳಿಯದಿದ್ದರೆ ಭೂಗೋಳ ಕಲಿತಂತಾಗುವುದಿಲ್ಲ.

ದಾರಿ ತಪ್ಪಿದ ಹುಡುಗ

ತುಂಡು ನಕಾಶೆಗಳು ಲಂಡನ್ನಿನಲ್ಲಿ ಬಳಕೆಗೆ ಬರುತ್ತಿದ್ದ ಹೊತ್ತಿನಲ್ಲೇ, 1762ರಲ್ಲಿ, ಫ್ರಾನ್ಸಿನಲ್ಲಿ ಜೀನ್ ಜಾಕ್ ರೂಸೋನ 'ಎಮಿಲ್' ಪ್ರಕಟವಾಯಿತು. ಒಬ್ಬ ಹುಡುಗನನ್ನು ಶಾಲೆಗೆ ಕಳಿಸದೆ ಗುರುವೊಬ್ಬ ಬೆಳೆಸುವ ಬಗೆಯನ್ನು ಹೇಳುವ ಪುಸ್ತಕ. ಪ್ಯಾರಿಸ್ಸಿನಲ್ಲೂ ಜಿನೀವಾದಲ್ಲೂ ಅದನ್ನು ಸುಟ್ಟರು. ತನ್ನ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟುಬಂದ ಮನುಷ್ಯ ಪರರ ಮಕ್ಕಳನ್ನು ಬೆಳೆಸುವ ಪಾಠ ಹೇಳಿದ ಎಂಬ ಆಕ್ಷೇಪ ಅವನ ಮೇಲೆ ಇದ್ದೇ ಇದೆ. ಆದರೂ ಭೂಗೋಳದ ವಿಷಯದಲ್ಲಿ ಅವನು ಆಡಿದ ಮಾತು ಮಾತೇ. ಗೋಳ, ನಕಾಶೆಗಳನ್ನು ಮೊದಲು ತೋರಿಸಬೇಡಿ, ವಸ್ತುವನ್ನೇ ತೋರಿಸಿ ಎಂದ. ಹುಡುಗ ವಾಸಿಸುವ ಊರು, ಅವನ ತಂದೆಯ ಹಳ್ಳಿಮನೆ ಇವೆರಡೇ ಮೊದಲ ಗುರುತುಗಳು. ನಡುವಿನ ದಾರಿ, ಹೊಳೆಗಳನ್ನು ಸೇರಿಸಿ ಅವನೇ ನಕಾಶೆ ಬರೆಯಲಿ, ತಪ್ಪಿದರೂ ಚಿಂತೆಯಿಲ್ಲ ಎಂದ.

ಅದೇ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ದಿಕ್ಕು ಕಲಿತು ಏನು ಪ್ರಯೋಜನ ಎಂದು ಹುಡುಗ ಕೇಳುತ್ತಾನೆ. ಗುರು ಉತ್ತರ ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಮೋನ್‌ಮೊರನ್ಸಿ ಎಂಬ ಊರಿನ ಹತ್ತಿರದ ಕಾಡಿಗೆ ಕರೆದೊಯ್ಯುತ್ತಾನೆ. ದಾರಿ ತಪ್ಪುತ್ತದೆ. ಹಸಿವು, ಬಾಯಾರಿಕೆ, ಹುಡುಗ ಅಳುತ್ತಾನೆ. ಆಗ ಗುರು ನೆನಪಿಸುತ್ತಾನೆ: ಕಾಡು ಊರಿನ ಉತ್ತರಕ್ಕಿದೆಯಲ್ಲವೇ? ಹಾಗಾದರೆ ಊರು ದಕ್ಷಿಣಕ್ಕೆ. ದಕ್ಷಿಣ ಯಾವುದು? ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ, ಅದರ ಎದುರು ನಡೆದರೆ ಸರಿ. ನಡೆದರು, ಊರು ಸಿಕ್ಕಿತು, ಊಟವೂ ಸಿಕ್ಕಿತು.

ಚಂದದ ಪಾಠ. ಆದರೆ ಇದನ್ನು ಹಾಗೆಯೇ ಎತ್ತಿ ತಂದು ನಮ್ಮ ಮಕ್ಕಳಿಗೆ ಹೇಳಿದರೆ ಅವರು ಕಾಡಿನ ಇನ್ನೂ ಒಳಕ್ಕೆ ಹೋದಾರು! ಫ್ರಾನ್ಸಿನಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ, ಅಲ್ಲಿ ಮಧ್ಯಾಹ್ನದ ನೆರಳು ವರ್ಷವಿಡೀ ಉತ್ತರಕ್ಕೇ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನೇರ ನೆತ್ತಿಗೆ ಬಂದು, ನೆಟ್ಟ ಕೋಲಿನ ನೆರಳು ಕ್ಷಣಹೊತ್ತು ಮಾಯವಾಗುತ್ತದೆ. ಈ ಎರಡು ದಿನಗಳ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ಕಾಲದಲ್ಲಿ ಉತ್ತರಕ್ಕೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ವರ್ಷವಿಡೀ ನೆರಳಿನ ತುದಿಗೆ ಗುರುತು ಹಾಕುವ ಮಗು ಇದನ್ನು ತಾನಾಗಿಯೇ ಕಂಡುಕೊಳ್ಳುತ್ತದೆ. ಭೂಗೋಳ ನಮ್ಮ ಹೊಸ್ತಿಲಿನಿಂದಲೇ ಹೊರಡಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ರೂಸೋನನ್ನು ಓದಿ ಬೆಳೆದವನು ಸ್ವಿಟ್ಜರ್ಲೆಂಡಿನ ಪೆಸ್ಟಲೋಜಿ. 1805ರಿಂದ 1825ರವರೆಗೆ ಈವರ್ಡನ್ ಎಂಬ ಊರಿನ ಕೋಟೆಯಲ್ಲಿ ಅವನ ಶಾಲೆ ನಡೆಯಿತು. ಅಲ್ಲಿನ ಮಕ್ಕಳು ಮೊದಲು ಹತ್ತಿರದ ಕಣಿವೆಯೊಂದಕ್ಕೆ ಹೋಗಿ ಅದನ್ನು ಎಲ್ಲ ಕಡೆಯಿಂದ ನೋಡುತ್ತಿದ್ದರು. ಬರುವಾಗ ಅಲ್ಲಿನ ಜೇಡಿಮಣ್ಣು ಹೊತ್ತು ತರುತ್ತಿದ್ದರು. ಉದ್ದನೆಯ ಮೇಜಿನ ಮೇಲೆ ಆ ಮಣ್ಣಿನಿಂದಲೇ ಕಣಿವೆಯನ್ನು ಮಾಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆಯೇ ಅವರಿಗೆ ನಕಾಶೆ ತೋರಿಸುತ್ತಿದ್ದದ್ದು. ಆಗ ಕಾಗದದ ಮೇಲಿನ ಗೆರೆಗಳು ಅವರಿಗೆ ಒಗಟಾಗಿ ಕಾಣುತ್ತಿರಲಿಲ್ಲ, ತಾವು ಹತ್ತಿ ಇಳಿದ ನೆಲವೇ ಅಲ್ಲಿ ಕಾಣುತ್ತಿತ್ತು. ಮುಂದೆ ಬರ್ಲಿನ್ನಿನಲ್ಲಿ ಭೂಗೋಳದ ಪ್ರಾಧ್ಯಾಪಕನಾಗಿ ಹೆಸರಾದ ಕಾರ್ಲ್ ರಿಟ್ಟರ್ ಆ ಶಾಲೆಯನ್ನು ಕಂಡವನು. ಪೆಸ್ಟಲೋಜಿಗೆ ಭೂಗೋಳ ಅಷ್ಟೇನೂ ಗೊತ್ತಿರಲಿಲ್ಲ, ಆದರೂ ತಾನು ಕಲಿತದ್ದು ಅವನಿಂದಲೇ ಎಂದು ರಿಟ್ಟರ್ ಹೇಳಿಕೊಂಡಿದ್ದಾನೆ. ತಮಗೇ ಭೂಗೋಳ ಬಾರದೆಂದು ಅಳುಕುವ ತಾಯ್ತಂದೆಯರು ಈ ಮಾತನ್ನು ನೆನಪಿಡಬೇಕು.

ಹೆಣ್ಣುಮಕ್ಕಳ ಪಾಲಿಗೆ

ರೂಸೋನ ಕಾಡಿನಲ್ಲಿ ದಾರಿ ತಪ್ಪಿದ್ದು ಹುಡುಗ. ಅವನಿಗೆ ಜೋಡಿಯಾಗಿ ಅದೇ ಪುಸ್ತಕದಲ್ಲಿ ಬರುವ ಸೋಫಿ ಎಂಬ ಹುಡುಗಿಗೆ ಆ ಕಾಡೂ ಇಲ್ಲ, ನೆರಳಿನ ಪಾಠವೂ ಇಲ್ಲ. ಗಂಡನಿಗೆ ಹಿತವಾಗಿ ಬಾಳುವುದೇ ಅವಳ ವಿದ್ಯೆ. ಆ ಕಾಲದ ಇಂಗ್ಲೆಂಡಿನಲ್ಲಿ ಹುಡುಗಿಯರು ಬಟ್ಟೆಯ ಮೇಲೆ ನೂಲಿನಿಂದ ದೇಶದ ನಕಾಶೆ ಕಸೂತಿ ಮಾಡುತ್ತಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1799ರಲ್ಲಿ ಆರಂಭವಾದ ಕ್ವೇಕರ್ ಪಂಥದವರ ವೆಸ್ಟ್‌ಟೌನ್ ಶಾಲೆಯ ಹುಡುಗಿಯರು ರೇಷ್ಮೆಯ ಗೋಳಗಳನ್ನೇ ಹೊಲಿದರು. ಅಕ್ಷಾಂಶ ರೇಖಾಂಶಗಳನ್ನು ಸೂಜಿಯಿಂದ ಎಳೆದ ಆ ಗೋಳಗಳಲ್ಲಿ ಕೆಲವನ್ನು ಇಂದಿಗೂ ಕಾಯ್ದಿಡಲಾಗಿದೆ. ನೋಡಲು ಅಂದ. ಆದರೆ ಆ ಗೋಳದ ಮೇಲಿನ ಎಷ್ಟು ಕಡಲುಗಳನ್ನು ಆ ಹುಡುಗಿಯರು ದಾಟಿಯಾರು?

ಈ ಪ್ರಶ್ನೆ ನಮ್ಮ ನಾಡಿನ ಮನೆಗಳಿಗೆ ಬಂದದ್ದು ಉರ್ದು ಕಥನದ ಮೂಲಕ. ದೆಹಲಿ ಕಾಲೇಜಿನಲ್ಲಿ ಓದಿ, ಶಾಲೆಗಳ ತನಿಖಾಧಿಕಾರಿಯಾಗಿ, ಮುಂದೆ ಡೆಪ್ಯುಟಿ ಕಲೆಕ್ಟರ್ ಆದ ನಜೀರ್ ಅಹ್ಮದ್ ತಮ್ಮ ಹೆಣ್ಣುಮಕ್ಕಳಿಗೆ ಓದಿಸಲು ತಕ್ಕ ಪುಸ್ತಕವಿಲ್ಲವೆಂದು ತಾವೇ ಬರೆದರು. ಅದೇ 1869ರ 'ಮಿರಾತುಲ್ ಉರೂಸ್'. ಅದರ ನಾಯಕಿ ಅಸ್ಗರಿ ತನ್ನ ಮನೆಯಲ್ಲೇ ಮೊಹಲ್ಲಾದ ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಕೆಲವೇ ವರ್ಷಗಳಲ್ಲಿ ಬಂದ ಅದರ ಮುಂದುವರಿಕೆ 'ಬನಾತುನ್ನಾಶ್'. ಇದರಲ್ಲಿ ಸಿರಿವಂತರ ಮನೆಯ ಹಠಮಾರಿ ಹುಡುಗಿ ಹುಸ್ನ್ ಆರಾ ಅಸ್ಗರಿಯ ಮನೆಶಾಲೆಗೆ ಬರುತ್ತಾಳೆ. ಭೂಮಿ ದುಂಡಗಿದೆ ಎಂಬುದು, ವಸ್ತುಗಳು ಕೆಳಕ್ಕೆ ಬೀಳುವ ಕಾರಣ, ದೂರದ ದೇಶಗಳ ಜನಜೀವನ, ಲೆಕ್ಕ, ಚರಿತ್ರೆ ಎಲ್ಲವನ್ನೂ ಮಾತುಕತೆಯಲ್ಲೇ ಕಲಿಯುತ್ತಾಳೆ. ಪರ್ದಾದೊಳಗಿನ ಅಂಗಳಕ್ಕೆ ಜುಗ್ರಾಫಿಯಾ ಬಂದದ್ದು ಹೀಗೆ.

ಆ ಪುಸ್ತಕದ ಹೆಸರೇ ಆಕಾಶದ ಒಂದು ಪಾಠ. ನಾವು ಸಪ್ತರ್ಷಿ ಮಂಡಲ ಎನ್ನುವ ನಕ್ಷತ್ರಗಳನ್ನು ಅರಬರು ಬನಾತ್ ನಾಶ್ ಎಂದರು. ನಾಲ್ಕು ನಕ್ಷತ್ರಗಳು ಶವದ ಮಂಚ, ಹಿಂದೆ ನಡೆಯುವ ಮೂರು ಅದರ ಹೆಣ್ಣುಮಕ್ಕಳು. ಆ ಮಂಚದ ತುದಿಯ ಎರಡು ನಕ್ಷತ್ರಗಳನ್ನು ಸೇರಿಸಿ ಗೆರೆ ಮುಂದುವರಿಸಿದರೆ ಧ್ರುವ ನಕ್ಷತ್ರ ಸಿಗುತ್ತದೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಸುಮಾರು ಅಷ್ಟೇ ಆ ಊರಿನ ಅಕ್ಷಾಂಶ. ಚಾಚಿದ ತೋಳಿನ ತುದಿಯ ಮುಷ್ಟಿ ಸುಮಾರು ಹತ್ತು ಡಿಗ್ರಿ. ಮಂಗಳೂರಿನಲ್ಲಿ ಧ್ರುವ ಒಂದು ಮುಷ್ಟಿಗಿಂತ ತುಸು ಮೇಲೆ, ಬೀದರಿನಲ್ಲಿ ಹತ್ತಿರ ಹತ್ತಿರ ಎರಡು ಮುಷ್ಟಿ, ಅಸ್ಗರಿಯ ದೆಹಲಿಯಲ್ಲಿ ಸುಮಾರು ಮೂರು. ಮಾಳಿಗೆಯ ಮೇಲೆ ನಿಂತ ಹುಡುಗಿಯೊಬ್ಬಳು ಯಾವ ಯಂತ್ರವೂ ಇಲ್ಲದೆ ತಾನು ಭೂಮಿಯ ಮೇಲೆ ಎಲ್ಲಿದ್ದೇನೆಂದು ಅಳೆಯಬಹುದು.

ನಜೀರ್ ಅಹ್ಮದರ ಹುಡುಗಿಯರು ಕಾದಂಬರಿಯವರು. ರಂಗಪುರದ ಪೈರಾಬಂದ್ ಎಂಬ ಹಳ್ಳಿಯಲ್ಲಿ 1880ರಲ್ಲಿ ಹುಟ್ಟಿದ ಬೇಗಂ ರುಖಿಯಾ ನಿಜದವರು. ಮನೆಮಂದಿ ಮಲಗಿದ ಮೇಲೆ ಅಣ್ಣ ಮೇಣದ ಬತ್ತಿಯ ಬೆಳಕಿನಲ್ಲಿ ಅವರಿಗೆ ಇಂಗ್ಲಿಷ್ ಕಲಿಸಿದರು. 1911ರಲ್ಲಿ ಕಲ್ಕತ್ತೆಯಲ್ಲಿ ಮುಸ್ಲಿಂ ಹುಡುಗಿಯರಿಗಾಗಿ ಶಾಲೆ ತೆರೆದವರು ಇವರೇ. ಗಂಡ ಭೂಮಿಯಿಂದ ಸೂರ್ಯ, ನಕ್ಷತ್ರಗಳಿಗಿರುವ ದೂರ ಅಳೆಯುತ್ತಿರುವಾಗ ಹೆಂಡತಿ ತಲೆದಿಂಬಿನ ಚೀಲದ ಉದ್ದಗಲ ಅಳೆಯುತ್ತಿರುತ್ತಾಳೆ ಎಂದು ಅವರು ಒಂದು ಲೇಖನದಲ್ಲಿ ಚುಚ್ಚಿದ್ದುಂಟು. ಅಳತೆಯ ಬುದ್ಧಿ ಇಬ್ಬರಲ್ಲೂ ಇದೆ, ಅಳೆಯಲು ಕೊಟ್ಟ ವಸ್ತು ಮಾತ್ರ ಬೇರೆ ಎಂಬುದೇ ಅದರ ತಿರುಳು.

ರುಖಿಯಾ ಎಳೆಯ ಮಗುವಾಗಿದ್ದ ದಶಕದಲ್ಲೇ ಇಂಗ್ಲೆಂಡಿನಲ್ಲಿ ಶಾರ್ಲಟ್ ಮೇಸನ್ ಮನೆಪಾಠವನ್ನು ಒಂದು ಶಾಸ್ತ್ರದಂತೆ ರೂಪಿಸಿದರು. ಅವರ 'ಹೋಂ ಎಜುಕೇಷನ್' ಪುಸ್ತಕ ಬಂದದ್ದು 1886ರಲ್ಲಿ. 1892ರಲ್ಲಿ ಆಂಬಲ್‌ಸೈಡ್ ಎಂಬ ಊರಿನಲ್ಲಿ ಮನೆಶಿಕ್ಷಕಿಯರನ್ನು ತಯಾರು ಮಾಡುವ ಸಂಸ್ಥೆಯನ್ನೂ ಕಟ್ಟಿದರು. ಮನೆಯಲ್ಲೇ ಓದುವ ಮಕ್ಕಳಿಗೆ ಅಂಚೆಯ ಮೂಲಕ ಪಾಠಕ್ರಮ ಕಳಿಸುವ ಏರ್ಪಾಡನ್ನೂ ಮಾಡಿದರು. ಅವರು ಹೇಳಿದ ಭೂಗೋಳ ಸರಳ. ಮಗು ತನ್ನ ಹೆಜ್ಜೆಯ ಉದ್ದ ಅಳೆದುಕೊಳ್ಳಲಿ. ಹೊಲದ ಒಂದು ಬದಿ ಎಷ್ಟು ಹೆಜ್ಜೆ ಎಂದು ಎಣಿಸಲಿ. ಸೂರ್ಯ ಎಲ್ಲಿ ಹುಟ್ಟಿದ, ಎಲ್ಲಿ ಮುಳುಗಿದ ಎಂದು ನೋಡಿ ದಿಕ್ಕು ಹೇಳಲಿ. ಹೊಲದ ಗಡಿಗೆ ಏನೇನಿದೆ ಎಂದು ಪಟ್ಟಿ ಮಾಡಲಿ. ಕೋಲಿನಿಂದ ನೆಲದ ಮೇಲೆಯೇ ನಕಾಶೆ ಬರೆಯಲಿ. ಈ ಪಾಠದಲ್ಲಿ ಹುಡುಗ, ಹುಡುಗಿ ಎಂಬ ಭೇದವಿರಲಿಲ್ಲ. ಇಬ್ಬರೂ ಹೊರಗೆ ನಡೆಯಲೇಬೇಕಾಗಿತ್ತು.

ಮನೆಯಲ್ಲೇ ಇರುವ ದಿಕ್ಕು

ನಮ್ಮ ಮನೆಗಳಲ್ಲಿ ಗೋಳ ಇಲ್ಲದಿರಬಹುದು, ದಿಕ್ಕು ಇದ್ದೇ ಇದೆ. ಹಿಂದೂ ಮನೆಯಲ್ಲಿ ಒಲೆ ಆಗ್ನೇಯಕ್ಕಿರಲಿ, ದೇವರ ಕೋಣೆ ಈಶಾನ್ಯಕ್ಕಿರಲಿ ಎನ್ನುವ ಅಜ್ಜಿ ಎಂಟು ದಿಕ್ಕುಗಳ ಹೆಸರು ಬಲ್ಲವಳು. ಮುಸ್ಲಿಂ ಮನೆಯಲ್ಲಿ ಜಾನಮಾಜ್ ಹಾಸುವ ಮಗುವಿಗೆ ಕಿಬ್ಲಾ ಯಾವ ಕಡೆ ಎಂದು ಗೊತ್ತು. ಕರ್ನಾಟಕದಿಂದ ಮಕ್ಕಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿಕೊಂಡಿದೆ. ಹಾಗಾದರೆ ಲಂಡನ್ನಿನಲ್ಲಿರುವ ಚಿಕ್ಕಪ್ಪ ಯಾವ ಕಡೆ ತಿರುಗುತ್ತಾರೆ? ಆಗ್ನೇಯಕ್ಕೆ. ಕೇಪ್‌ಟೌನಿನವರು? ಉತ್ತರದ ಕಡೆಗೆ. ಈ ಒಂದು ಪ್ರಶ್ನೆಯಿಂದಲೇ ಅರ್ಧ ಜಗತ್ತಿನ ನಕಾಶೆ ಬಿಚ್ಚಿಕೊಳ್ಳುತ್ತದೆ. ಗಜನಿಯಿಂದ ಕಿಬ್ಲಾ ನಿಖರವಾಗಿ ಎಲ್ಲಿ ಎಂಬ ಲೆಕ್ಕವನ್ನೂ ಎದುರಿಗಿಟ್ಟುಕೊಂಡೇ ಅಲ್ ಬಿರೂನಿ 1025ರಲ್ಲಿ ಊರುಗಳ ಅಕ್ಷಾಂಶ ರೇಖಾಂಶ ಕಂಡುಹಿಡಿಯುವ ದೊಡ್ಡ ಗ್ರಂಥವನ್ನು ಮುಗಿಸಿದ.

ಇನ್ನೊಂದು ಪಾಠವನ್ನು ಅಲ್ ಇದ್ರೀಸಿಯಿಂದ ಕಲಿಯಬೇಕು. 1154ರಲ್ಲಿ ಸಿಸಿಲಿಯ ಕ್ರೈಸ್ತ ದೊರೆ ಎರಡನೆಯ ರೋಜರನಿಗಾಗಿ ಈ ಮುಸ್ಲಿಂ ಭೂಗೋಳಜ್ಞ ಎಪ್ಪತ್ತು ಭಾಗಗಳಲ್ಲಿ ಜಗತ್ತಿನ ನಕಾಶೆ ಮಾಡಿಕೊಟ್ಟ. ಅದರಲ್ಲಿ ದಕ್ಷಿಣ ಮೇಲಕ್ಕೆ, ಉತ್ತರ ಕೆಳಕ್ಕೆ. ಇದನ್ನು ಮಗುವಿಗೆ ತೋರಿಸಿದರೆ ಮೊದಲು 'ತಲೆಕೆಳಗಾಗಿದೆ' ಎನ್ನುತ್ತದೆ. ಭೂಮಿಗೆ ತಲೆ ಯಾವುದು, ಕಾಲು ಯಾವುದು ಎಂದು ತಿರುಗಿ ಕೇಳಬೇಕು. ಉತ್ತರ ಮೇಲಿರುವುದು ಪ್ರಕೃತಿಯ ನಿಯಮವಲ್ಲ, ನಕಾಶೆ ಬರೆಯುವವರು ಮಾಡಿಕೊಂಡ ರೂಢಿ ಎಂಬುದು ತಿಳಿದ ಮಗು, ಮುಂದೆ ಯಾರೋ ಬರೆದುಕೊಟ್ಟ ನಕಾಶೆಯನ್ನು ಕಣ್ಣುಮುಚ್ಚಿ ನಂಬಲಾರದು.

ನಮ್ಮವರೇ ಆದ ಇಬ್ಬರನ್ನು ಇಲ್ಲಿ ನೆನೆಯಬೇಕು. 1928ರ ಬೇಸಿಗೆಯಲ್ಲಿ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಇಂದಿರಾಗೆ ಜವಾಹರಲಾಲ್ ನೆಹರೂ ಅಲಹಾಬಾದಿನಿಂದ ಪತ್ರಗಳನ್ನು ಬರೆದರು. ಹೊಳೆಯ ದಂಡೆಯಲ್ಲಿ ಸಿಗುವ ನುಣುಪಾದ ಕಲ್ಲು ಕೂಡ ಓದಬಹುದಾದ ಪುಸ್ತಕದ ಪುಟವೆಂದು ಅದರಲ್ಲಿ ಹೇಳಿಕೊಟ್ಟರು. ಕನ್ನಡದಲ್ಲಿ ಶಿವರಾಮ ಕಾರಂತರು 1936ರಲ್ಲಿ 'ಬಾಲ ಪ್ರಪಂಚ'ದ ಸಂಪುಟಗಳನ್ನು ಕೊಟ್ಟರು. ಶಾಲೆಯ ಗೋಡೆಯಾಚೆಗೂ ಮಗು ಜಗತ್ತನ್ನು ಕನ್ನಡದಲ್ಲೇ ತಿಳಿಯಬಹುದು ಎಂಬ ಅವರ ವಿಶ್ವಾಸ ಇಂದಿಗೂ ಬೇಕಾದದ್ದು.

ಈಗ ಜೇಬಿನ ಮೊಬೈಲಿನಲ್ಲಿ ಇಡೀ ಭೂಮಿಯ ನಕಾಶೆಯಿದೆ. ಅದರಲ್ಲಿ ನೀಲಿ ಚುಕ್ಕೆಯೊಂದು ನಾವಿರುವ ಜಾಗ ತೋರಿಸುತ್ತದೆ. ನಾವು ನಡೆದಂತೆ ನಕಾಶೆಯೇ ಸರಿಯುತ್ತದೆ. ಅನುಕೂಲವೇನೋ ಹೌದು. ಆದರೆ ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಯಾರೋ ಹೇಳುತ್ತಿರುವಾಗ ಮಗು ದಾರಿಯನ್ನು ನೋಡುವುದೇ ಇಲ್ಲ. ಮೊಬೈಲು ಕೊಡುವ ಮೊದಲು ಮಾಡಬೇಕಾದ ಕೆಲಸಗಳು ಕೆಲವಿವೆ, ಅವಕ್ಕೆ ದುಡ್ಡು ಬೇಕಿಲ್ಲ. ಅಡುಗೆಮನೆಯನ್ನು ಹೆಜ್ಜೆಯಿಂದ ಅಳೆದು, ಒಂದು ಹೆಜ್ಜೆಗೆ ಒಂದು ಚೌಕದಂತೆ ಚೌಕದ ಹಾಳೆಯಲ್ಲಿ ಬರೆಸಿ. ಅಳತೆಯ ಪ್ರಮಾಣ ಎಂದರೇನೆಂದು ಬೇರೆ ಹೇಳಬೇಕಾಗುವುದಿಲ್ಲ. ಮನೆಯಿಂದ ಕಿರಾಣಿ ಅಂಗಡಿಗೆ, ಮಸೀದಿಗೆ, ಗುಡಿಗೆ, ಬಸ್ ನಿಲ್ದಾಣಕ್ಕೆ ಹೋಗುವ ದಾರಿಯನ್ನು ನೆನಪಿನಿಂದ ಬರೆಸಿ, ಮರುದಿನ ನಡೆದು ತಿದ್ದಿಸಿ. ಮಳೆಗಾಲದಲ್ಲಿ ಮೋರಿಯ ನೀರು ಎತ್ತ ಹೋಗುತ್ತದೆಂದು ಹಿಂಬಾಲಿಸಿ. ಹಳೆಯ ಕ್ಯಾಲೆಂಡರಿನ ರಟ್ಟಿಗೆ ಜಿಲ್ಲೆಗಳ ನಕಾಶೆ ಅಂಟಿಸಿ ಕತ್ತರಿಸಿದರೆ ಸ್ಪಿಲ್ಸ್‌ಬರಿಯ ಆಟ ಮನೆಯಲ್ಲೇ ತಯಾರು.

ಇದೆಲ್ಲದರಲ್ಲಿ ಒಂದು ಎಚ್ಚರ ಬೇಕು. ಅಂಗಡಿಗೆ ಓಡುವ, ಕೆರೆಯ ದಂಡೆ ಸುತ್ತುವ ಕೆಲಸವನ್ನು ನಾವು ಈಗಲೂ ಹೆಚ್ಚಾಗಿ ಗಂಡುಮಕ್ಕಳಿಗೇ ಬಿಡುತ್ತೇವೆ. ಹುಡುಗಿ ಚೆಂದವಾಗಿ ನಕಾಶೆ ಬರೆದು, ಬಣ್ಣ ತುಂಬಿ, ಪೂರ್ತಿ ಅಂಕ ತರುತ್ತಾಳೆ. ಎರಡೂವರೆ ಶತಮಾನದ ಹಿಂದೆ ಎಮಿಲನಿಗೆ ಕಾಡು, ಸೋಫಿಗೆ ಮನೆ ಎಂದು ಮಾಡಿದ ಹಂಚಿಕೆಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಮುಂದಿನ ಸಲ ನಕಾಶೆ ತಿದ್ದಲು ಮಗನನ್ನು ಹೊರಗೆ ಕಳಿಸುವಾಗ ಮಗಳ ಕೈಗೂ ಒಂದು ಕೋಲು ಕೊಟ್ಟು ಕಳಿಸೋಣ.